ಮಾತಿನ ದೃಶ್ಯ ಎಡಿಟ್ ಮಾಡುವುದು ಹೇಗೆ: ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಇಬ್ಬರು ಕೂತು ಮಾತಾಡುವ ದೃಶ್ಯ ನೋಡಲು ಸುಲಭ, ಎಡಿಟ್ ಮಾಡಲು ಅಲ್ಲ. ಫೈಟ್ ಆದರೆ ಬೇಗ ಬೇಗ ಕಟ್ ಮಾಡಿ, ಮೇಲೊಂದು ಮ್ಯೂಸಿಕ್ ಹಾಕಿ ಎಷ್ಟೋ ತಪ್ಪು ಮುಚ್ಚಿಬಿಡಬಹುದು. ಇಲ್ಲಿ ಮುಚ್ಚಲು ಏನೂ ಇಲ್ಲ. ಎರಡು ಮುಖ, ಒಂದಷ್ಟು ಮಾತು, ನಡುವೆ ಮೌನ.

ಮೊದಲ ಸಲ ಕೂತವರು ಹೆಚ್ಚುಕಡಿಮೆ ಒಂದೇ ರೀತಿ ಮಾಡುತ್ತಾರೆ. ಯಾರು ಬಾಯಿ ತೆರೆದರೋ ಅವರ ಮುಖಕ್ಕೆ ಕಟ್. ಮಾತು ಮುಗಿಯಿತು, ಇನ್ನೊಬ್ಬರ ಮುಖಕ್ಕೆ ಕಟ್. ಅರ್ಥವೇನೋ ಆಗುತ್ತದೆ, ಆದರೆ ದೃಶ್ಯಕ್ಕೆ ಜೀವ ಇರುವುದಿಲ್ಲ. ಯಾರು ಮಾತಾಡುತ್ತಿದ್ದಾರೆ ಅನ್ನುವುದು ನೋಡುಗರಿಗೆ ಕಿವಿಯಿಂದಲೇ ಗೊತ್ತಾಗುತ್ತದೆ, ಅಲ್ವಾ? ಅದನ್ನೇ ಮತ್ತೆ ಕಣ್ಣಿಗೂ ತೋರಿಸಿದರೆ ಹೊಸದೇನೂ ಸಿಗುವುದಿಲ್ಲ. ಆ ಮಾತು ಯಾರಿಗೆ ತಾಗಿತು, ಎಲ್ಲಿ ತಾಗಿತು ಅನ್ನುವುದನ್ನು ತೋರಿಸುವುದೇ ಎಡಿಟರ್ ಕೆಲಸ. ಮುಂದೆ ಹೇಳುವ ಎಲ್ಲ ಹಂತಗಳೂ ಇದನ್ನು ಮಾಡಲು ಬೇಕಾದ ತಯಾರಿ.

ಉದಾಹರಣೆಗೆ ಒಂದು ಪುಟ್ಟ ದೃಶ್ಯ ಇಟ್ಟುಕೊಳ್ಳೋಣ.

ಅಕ್ಕ: ಬೀಗದ ಕೈ ಎಲ್ಲಿ?
ತಮ್ಮ: ಯಾವ ಬೀಗದ ಕೈ?
ಅಕ್ಕ: ಅಪ್ಪನ ರೂಮಿಂದು.
ತಮ್ಮ: ಅಲ್ಲೇ ಮೊಳೆಗೆ ನೇತುಹಾಕಿದ್ದೆ, ಅಕ್ಕಾ.
ಅಕ್ಕ: ಇಲ್ಲ.
ತಮ್ಮ: ಹಾಗಾದ್ರೆ ನಂಗೆ ಗೊತ್ತಿಲ್ಲ.
ಅಕ್ಕ: ಸರಿ ಬಿಡು. ಹೋಗಿ ಮಲ್ಕೋ.

ಬೀಗದ ಕೈ ತಮ್ಮನ ಜೇಬಿನಲ್ಲೇ ಇದೆ. ಶೂಟ್ ಮಾಡಿರುವುದು ಇಷ್ಟು: ಇಬ್ಬರೂ ಕಾಣುವ ಒಂದು ಮಾಸ್ಟರ್ ಶಾಟ್, ಅಕ್ಕನ ಭುಜದ ಮೇಲಿಂದ ತಮ್ಮ, ತಮ್ಮನ ಭುಜದ ಮೇಲಿಂದ ಅಕ್ಕ, ಇಬ್ಬರದೂ ಒಂದೊಂದು ಕ್ಲೋಸಪ್, ಜೇಬನ್ನು ಮುಟ್ಟಿಕೊಳ್ಳುವ ಕೈಯ ಒಂದು ಇನ್ಸರ್ಟ್ (ಸಣ್ಣ ವಿವರವನ್ನಷ್ಟೇ ಹತ್ತಿರದಿಂದ ತೋರಿಸುವ ಶಾಟ್). ಪ್ರತಿಯೊಂದಕ್ಕೂ ಮೂರ್ನಾಲ್ಕು ಟೇಕ್.

ಹಂತ 1: ಫುಟೇಜ್ ಹೊಂದಿಸಿಕೊಳ್ಳಿ

ಸಾಧ್ಯವಾದರೆ ನೀವೇ ಶೂಟ್ ಮಾಡದ ಫುಟೇಜ್‌ನಿಂದ ಕಲಿಯಲು ಶುರು ಮಾಡಿ. ಸಹಪಾಠಿಗಳದ್ದು ಕೇಳಿ ಪಡೆಯಿರಿ. ಕಲಿಯುವವರಿಗೆಂದೇ ಕಚ್ಚಾ ಫುಟೇಜ್ ಮಾರುವ ಎಡಿಟ್‌ಸ್ಟಾಕ್‌ನಂಥ ತಾಣಗಳೂ ಇವೆ. ಸ್ವಂತ ಫುಟೇಜ್‌ನ ತೊಂದರೆ ಏನೆಂದರೆ, ಆ ಟ್ರಾಲಿ ಶಾಟ್‌ಗೆ ಎಷ್ಟು ಕಷ್ಟಪಟ್ಟಿರಿ ಅನ್ನುವುದು ನಿಮಗೆ ಗೊತ್ತು. ಅದನ್ನು ಬಿಸಾಕಲು ಕೈ ಬರುವುದಿಲ್ಲ. ನೋಡುಗರಿಗೆ ಆ ಕಷ್ಟದ ಲೆಕ್ಕ ಬೇಕಾಗಿಲ್ಲ.

ಸಾಫ್ಟ್‌ವೇರ್ ಯಾವುದಾದರೂ ಆಗಬಹುದು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಸಾಕು, ಕೆಡೆನ್‌ಲೈವ್ ಕೂಡ ಉಚಿತ. ಪ್ರೀಮಿಯರ್, ಫೈನಲ್ ಕಟ್, ಆವಿಡ್ ಗೊತ್ತಿದ್ದರೆ ಅದರಲ್ಲೇ ಮಾಡಿ. ಯಾವುದು ಒಳ್ಳೆಯದು ಅನ್ನುವ ಜಗಳದಲ್ಲಿ ಟೈಮ್ ಕಳೆಯಬೇಡಿ.

ಎಡಿಟ್ ಶುರು ಮಾಡುವ ಮುಂಚೆ ಫುಟೇಜ್‌ನ ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಫೋಲ್ಡರ್‌ಗಳು ಸರಳವಾಗಿರಲಿ: ವಿಡಿಯೊ, ಆಡಿಯೊ, ಪ್ರಾಜೆಕ್ಟ್, ಎಕ್ಸ್‌ಪೋರ್ಟ್. ಕ್ಯಾಮೆರಾ ಕೊಟ್ಟ ಮೂಲ ಫೈಲ್ ಹೆಸರುಗಳನ್ನು ಬದಲಿಸಬೇಡಿ. ಹೆಸರು ಬೇಕಾದರೆ ಸಾಫ್ಟ್‌ವೇರ್ ಒಳಗೆ ಕೊಡಿ, ಉದಾಹರಣೆಗೆ "ತಮ್ಮ ಕ್ಲೋಸಪ್ ಟೇಕ್ 3". ಕಂಪ್ಯೂಟರ್ ತಡವರಿಸುತ್ತಿದ್ದರೆ ಪ್ರಾಕ್ಸಿ, ಅಂದರೆ ಎಡಿಟ್ ಮಾಡಲು ಮಾತ್ರ ಬಳಸುವ ಹಗುರವಾದ ಪ್ರತಿ, ಮಾಡಿಕೊಳ್ಳಿ. ಪ್ಲೇಬ್ಯಾಕ್ ನಿಂತು ನಿಂತು ಓಡುತ್ತಿದ್ದರೆ ಒಂದು ವಿರಾಮ ಎಷ್ಟು ಉದ್ದ ಇದೆ ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಮಾತಿನ ದೃಶ್ಯದಲ್ಲಿ ಅದು ಗೊತ್ತಾಗದಿದ್ದರೆ ಏನೂ ಮಾಡಲಾಗದು.

ಹಂತ 2: ಸಿಂಕ್

ಶಬ್ದವನ್ನು ಬೇರೆ ರೆಕಾರ್ಡರ್‌ನಲ್ಲಿ ಹಿಡಿದಿದ್ದರೆ ಮೊದಲು ಅದನ್ನು ಚಿತ್ರಕ್ಕೆ ಕೂಡಿಸಬೇಕು. ಕ್ಲ್ಯಾಪ್ ಬೋರ್ಡಿನ ಎರಡು ಪಟ್ಟಿಗಳು ಕೂಡಿದ ಫ್ರೇಮ್ ಹುಡುಕಿ. ಆಡಿಯೊ ಅಲೆಯಲ್ಲಿ ಚೂಪಾಗಿ ಎದ್ದ ಜಾಗವನ್ನು ಅದಕ್ಕೆ ಹೊಂದಿಸಿ. ಕ್ಯಾಮೆರಾದಲ್ಲೂ ಶಬ್ದ ಇದ್ದರೆ ಸಾಫ್ಟ್‌ವೇರ್ ಎರಡೂ ಅಲೆಗಳನ್ನು ಹೋಲಿಸಿ ತಾನೇ ಸಿಂಕ್ ಮಾಡುತ್ತದೆ. ಆದರೂ ಪ್ರತಿ ಕ್ಲಿಪ್ಪನ್ನೂ ಕಣ್ಣಾರೆ ನೋಡಿ. ಕ್ಲ್ಯಾಪ್ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ. ಅದನ್ನು ಶಾಟ್‌ನ ಕೊನೆಯಲ್ಲಿ ಹೊಡೆದಿದ್ದಾರೆ ಅಂತ ಅರ್ಥ.

ಸಿಂಕ್ ಸರಿ ಇದೆಯಾ ಅಂತ ನೋಡಲು ಪ, ಬ, ಮ ಅಕ್ಷರಗಳನ್ನು ಹಿಡಿಯಿರಿ. ಇವಕ್ಕೆ ತುಟಿ ಕೂಡಲೇಬೇಕು. ನಮ್ಮ ದೃಶ್ಯದಲ್ಲಿ "ಅಪ್ಪನ" ಅನ್ನುವ ಮಾತಿದೆ. ಅಕ್ಕನ ತುಟಿ ಕೂಡಿರುವ ಫ್ರೇಮ್‌ನಲ್ಲಿ ಶಬ್ದ ತಡೆದು, ತುಟಿ ತೆರೆದಾಗ "ಪ" ಕೇಳಿಸಬೇಕು. ಸೆಕೆಂಡಿಗೆ 25 ಫ್ರೇಮ್ ಆದರೆ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎರಡು ಫ್ರೇಮ್ ಆಚೀಚೆ ಆದರೆ ನೋಡುಗರಿಗೆ ಏನು ತಪ್ಪಿದೆ ಅಂತ ಹೇಳಲು ಬರದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಫೋನ್‌ನಲ್ಲಿ ಶೂಟ್ ಮಾಡಿದ್ದರೆ ಒಂದು ಎಚ್ಚರಿಕೆ. ಫೋನ್‌ಗಳು ಅನೇಕ ಸಲ ಫ್ರೇಮ್ ರೇಟನ್ನು ಏರಿಳಿಸುತ್ತಾ ರೆಕಾರ್ಡ್ ಮಾಡುತ್ತವೆ. ಶುರುವಿನಲ್ಲಿ ಸರಿಯಿದ್ದ ಸಿಂಕ್ ಕೊನೆಗೆ ಜಾರಿರುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಧನದಲ್ಲಿ ಮೊದಲೇ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಂಡರೆ ಈ ತಲೆನೋವು ತಪ್ಪುತ್ತದೆ.

ಹಂತ 3: ಎಲ್ಲವನ್ನೂ ನೋಡಿ

ಎಲ್ಲವನ್ನೂ ಅಂದರೆ ಎಲ್ಲವನ್ನೂ. "ಓಕೆ" ಆದ ಟೇಕ್ ಮಾತ್ರ ಅಲ್ಲ, ಕೆಟ್ಟುಹೋದ ಟೇಕ್ ಕೂಡ. "ಆಕ್ಷನ್" ಹೇಳುವ ಮುಂಚಿನ ಸೆಕೆಂಡುಗಳು, "ಕಟ್" ಹೇಳಿದ ಮೇಲಿನ ಸೆಕೆಂಡುಗಳು ಕೂಡ. ತಮ್ಮನ ಪಾತ್ರ ಮಾಡಿದವನು ಕಟ್ ಹೇಳಿದ ಮೇಲೆ ಡೈರೆಕ್ಟರ್ ಕಡೆ ಅನುಮಾನದಿಂದ ನೋಡಿರುತ್ತಾನೆ, "ಸರಿ ಬಂತಾ?" ಅನ್ನುವ ಹಾಗೆ. "ಇಲ್ಲ" ಅಂತ ಅಕ್ಕ ಹೇಳಿದ ಮೇಲೆ ಆ ನೋಟವನ್ನು ಇಟ್ಟು ನೋಡಿ. ನೋಟದ ದಿಕ್ಕು ಹೊಂದಿದರೆ ಸಾಕು, ಸಿಕ್ಕಿಬಿದ್ದವನ ಮುಖ ಅದೇ. ಇಂಥ ಕಳ್ಳತನಕ್ಕೆ ಎಡಿಟಿಂಗ್‌ನಲ್ಲಿ ಪೂರ್ತಿ ಅನುಮತಿ ಇದೆ.

ಮೊದಲ ಸಲ ನೋಡುವಾಗ ಪೆನ್ನು ಪೇಪರ್ ಇರಲಿ. ಎಲ್ಲಿ ನಗು ಬಂತು, ಎಲ್ಲಿ ಬೇಜಾರಾಯಿತು, ಎಲ್ಲಿ ಮುಖ ನಿಜ ಅನ್ನಿಸಿತು, ಆಗಲೇ ಬರೆದಿಟ್ಟುಕೊಳ್ಳಿ. ಮೊದಲ ಸಲ ನೋಡಿದಾಗ ಆಗುವ ಅನುಭವ ಎರಡನೇ ಸಲ ಸಿಗುವುದಿಲ್ಲ. ಹತ್ತನೇ ಸಲಕ್ಕೆ ನಿಮ್ಮ ಕಣ್ಣು ಮೊಂಡಾಗಿರುತ್ತದೆ, ಆಗ ಈ ಟಿಪ್ಪಣಿಯೇ ಕೈ ಹಿಡಿಯುವುದು.

ಆಮೇಲೆ ಸ್ಕ್ರಿಪ್ಟ್ ಪ್ರಿಂಟ್ ಮೇಲೆ ಗೆರೆ ಎಳೆಯಿರಿ. ಪ್ರತಿ ಶಾಟ್‌ಗೂ ಮೇಲಿಂದ ಕೆಳಕ್ಕೆ ಒಂದು ಗೆರೆ. ಮಾತಾಡುವವರು ಆ ಶಾಟ್‌ನಲ್ಲಿ ಕಾಣುತ್ತಿದ್ದರೆ ನೇರ ಗೆರೆ, ಕಾಣದಿದ್ದರೆ ಅಂಕುಡೊಂಕು ಗೆರೆ. ಸೆಟ್‌ನಲ್ಲಿ ಸ್ಕ್ರಿಪ್ಟ್ ಸೂಪರ್‌ವೈಸರ್ ಮಾಡುವ ಕೆಲಸ ಇದು. ಸ್ಟೂಡೆಂಟ್ ಫಿಲ್ಮ್‌ನಲ್ಲಿ ಆ ಹುದ್ದೆಯೇ ಇರುವುದಿಲ್ಲ, ಹಾಗಾಗಿ ನೀವೇ ಮಾಡಿಕೊಳ್ಳಿ. ಯಾವ ಸಾಲಿಗೆ ಎಷ್ಟು ಆಯ್ಕೆ ಇದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಅಂಕುಡೊಂಕು ಗೆರೆಗಳನ್ನು ಚೆನ್ನಾಗಿ ನೋಡಿಕೊಳ್ಳಿ. ಕೇಳುವವರ ಮುಖಗಳು ಇರುವುದು ಅಲ್ಲೇ.

ಹಂತ 4: ದೃಶ್ಯ ತಿರುಗುವ ಜಾಗ ಗುರುತಿಸಿ

ಟೈಮ್‌ಲೈನ್ (ಸಾಫ್ಟ್‌ವೇರ್‌ನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಜಾಗ) ಮುಟ್ಟುವ ಮುಂಚೆ ಮೂರು ಪ್ರಶ್ನೆ. ಯಾರಿಗೆ ಏನು ಬೇಕು? ಯಾವ ಮಾತಿನಲ್ಲಿ ಬಲ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ? ನೋಡುಗರು ಯಾರ ಜೊತೆ ಇರಬೇಕು?

ನಮ್ಮ ದೃಶ್ಯದಲ್ಲಿ ಅಕ್ಕನಿಗೆ ಬೀಗದ ಕೈ ಬೇಕು ಅನ್ನುವುದು ಮೇಲಿನ ಮಾತು. ತಮ್ಮ ಸುಳ್ಳು ಹೇಳುತ್ತಾನಾ ಇಲ್ಲವಾ ಅಂತ ತಿಳಿಯುವುದೇ ಅವಳಿಗೆ ಬೇಕಾಗಿರುವುದು. ದೃಶ್ಯ ತಿರುಗುವುದು "ಇಲ್ಲ" ಅನ್ನುವಲ್ಲಿ. ಅಲ್ಲಿಯವರೆಗೆ ಅವಳು ಕೇಳುತ್ತಿದ್ದಳು, ಅಲ್ಲಿಂದ ಅವಳಿಗೆ ಗೊತ್ತು. ಉತ್ತರ ಬೇರೆಯೂ ಇರಬಹುದು, ನಿಮಗೆ "ಸರಿ ಬಿಡು" ಅನ್ನುವಲ್ಲೇ ತಿರುವು ಕಾಣಬಹುದು. ಒಂದನ್ನು ಆರಿಸಿ, ಅದಕ್ಕೆ ತಕ್ಕಂತೆ ಎಡಿಟ್ ಮಾಡಿ.

ಹಂತ 5: ಮೊದಲು ಕಿವಿಯಿಂದ ಎಡಿಟ್ ಮಾಡಿ

ಚಿತ್ರವನ್ನು ಮರೆತು, ಪ್ರತಿ ಸಾಲಿನ ಒಳ್ಳೆಯ ಟೇಕ್‌ಗಳನ್ನು ಧ್ವನಿಗಾಗಿ ಆರಿಸಿ ಸಾಲಾಗಿ ಜೋಡಿಸಿ. ರೇಡಿಯೊ ನಾಟಕ ಕೇಳುವ ಹಾಗೆ ಕಣ್ಣು ಮುಚ್ಚಿ ಕೇಳಿ. ಮಾತು ಮಾತಿಗೆ ತಾಗುತ್ತಿದೆಯಾ? ಎಲ್ಲಿ ಉಸಿರಾಡಲು ಜಾಗ ಬೇಕು? ಎಲ್ಲಿ ಒಬ್ಬರ ಮಾತಿನ ಬಾಲದ ಮೇಲೆ ಇನ್ನೊಬ್ಬರು ಬರಬೇಕು?

ಈ ಹಂತ ಬೇಡ ಅನ್ನುವ ಎಡಿಟರ್‌ಗಳೂ ಇದ್ದಾರೆ. ಮುಖದಲ್ಲಿ ಆಗುವುದು ಧ್ವನಿಯಲ್ಲಿ ಕೇಳಿಸುವುದಿಲ್ಲ ಅನ್ನುವುದು ಅವರ ವಾದ. ಅದೂ ನಿಜವೇ. ಆದರೆ ಕಲಿಯುವವರಿಗೆ ಇದು ಬೇಕು ಅನ್ನುವುದು ನನ್ನ ಅಭಿಪ್ರಾಯ. ಲಯ ಮತ್ತು ಮುಖ ಎರಡನ್ನೂ ಒಟ್ಟಿಗೆ ನಿಭಾಯಿಸಲು ಹೋದರೆ ಶುರುವಿನಲ್ಲಿ ಎರಡೂ ಕೈಗೆ ಸಿಗುವುದಿಲ್ಲ.

ಒಂದು ಟೇಕ್‌ನ ಮಾತನ್ನು ಇನ್ನೊಂದು ಟೇಕ್‌ನ ಚಿತ್ರಕ್ಕೆ ಹಾಕಬಹುದು ಅನ್ನುವುದೂ ಈ ಹಂತದಲ್ಲಿ ಗೊತ್ತಾಗುತ್ತದೆ. ಮಾತಾಡುವವರ ಬೆನ್ನು ಕ್ಯಾಮೆರಾಕ್ಕೆ ಇದ್ದರೆ ತುಟಿ ಕಾಣುವುದಿಲ್ಲ. ಟೇಕ್ 2ರ ಮುಖ, ಟೇಕ್ 4ರ ಧ್ವನಿ. ಯಾರಿಗೂ ಗೊತ್ತಾಗದು.

ಹಂತ 6: ಯಾರ ಮುಖ?

ಈಗ ಚಿತ್ರ. ಪ್ರತಿ ಸಾಲಿಗೂ ಕೇಳಿಕೊಳ್ಳಿ: ಈ ಮಾತು ಕೇಳಿಸುವಾಗ ನನಗೆ ಯಾರನ್ನು ನೋಡಬೇಕು ಅನ್ನಿಸುತ್ತಿದೆ?

"ಬೀಗದ ಕೈ ಎಲ್ಲಿ?" ಇಲ್ಲಿ ಮಾಸ್ಟರ್ ಶಾಟ್ ಸಾಕು. ಇಬ್ಬರೂ ಎಲ್ಲಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಅಂತ ಗೊತ್ತಾಗಲಿ. "ಯಾವ ಬೀಗದ ಕೈ?" ಕೂಡ ಅದರಲ್ಲೇ ನಡೆಯಬಹುದು. ಆಡುತ್ತಿರುವವರು ಚೆನ್ನಾಗಿ ಆಡುತ್ತಿದ್ದರೆ ಸುಮ್ನೆ ಕಟ್ ಮಾಡಬೇಡಿ. ಕಟ್ ಮಾಡಲು ಕಾರಣ ಬೇಕು, ಮಾಡದಿರಲು ಬೇಕಾಗಿಲ್ಲ.

"ಅಪ್ಪನ ರೂಮಿಂದು." ಈ ಮಾತನ್ನು ತಮ್ಮನ ಮುಖದ ಮೇಲೆ ಕೇಳಿಸಿ. ಅಕ್ಕ ಏನು ಹೇಳಿದಳು ಅನ್ನುವುದು ಕಿವಿಗೆ ಬಿತ್ತು. "ಅಪ್ಪನ" ಅನ್ನುವಾಗ ಅವನ ಕಣ್ಣಲ್ಲಿ ಏನಾಯಿತು ಅನ್ನುವುದು ಮಾತ್ರ ಬೇರೆಲ್ಲೂ ಸಿಗದ ಸುದ್ದಿ.

"ಅಲ್ಲೇ ಮೊಳೆಗೆ ನೇತುಹಾಕಿದ್ದೆ, ಅಕ್ಕಾ." ಇಲ್ಲಿ ಎರಡು ದಾರಿ. ಅವನ ಮೇಲೇ ನಿಂತರೆ ಸುಳ್ಳು ಹುಟ್ಟುವುದನ್ನು ನೋಡುತ್ತೇವೆ, ನಾವು ಅವನ ಜೊತೆ. ಅಕ್ಕನ ಮುಖಕ್ಕೆ ಹೋದರೆ ಸುಳ್ಳನ್ನು ಅವಳ ಜೊತೆ ಕೇಳುತ್ತೇವೆ. ಯಾವುದು ಸರಿ ಅನ್ನುವುದು ಹಂತ 4ರ ಮೂರನೇ ಪ್ರಶ್ನೆಗೆ ನೀವು ಕೊಟ್ಟ ಉತ್ತರದ ಮೇಲೆ ಇದೆ.

ಇನ್ನು ಆ ಜೇಬಿನ ಇನ್ಸರ್ಟ್. ಅದನ್ನು ಮೊದಲ ಮಾತಿಗೂ ಮುಂಚೆ ಇಟ್ಟರೆ ನೋಡುಗರಿಗೆ ಸುಳ್ಳು ಮೊದಲೇ ಗೊತ್ತು, ಅಕ್ಕ ಯಾವಾಗ ಹಿಡಿಯುತ್ತಾಳೆ ಅಂತ ಕಾಯುತ್ತಾರೆ. "ಹೋಗಿ ಮಲ್ಕೋ" ಆದ ಮೇಲೆ ಇಟ್ಟರೆ ಅಲ್ಲಿಯವರೆಗೆ ನಾವು ನಂಬಿದ್ದ ತಮ್ಮ ಒಂದೇ ಶಾಟ್‌ನಲ್ಲಿ ಬದಲಾಗುತ್ತಾನೆ. ಇಡದೇ ಹೋದರೆ ಅನುಮಾನ ಹಾಗೇ ಉಳಿಯುತ್ತದೆ, ಅಕ್ಕನೇ ತಪ್ಪಿರಬಹುದು ಅಂತಲೂ ಅನ್ನಿಸುತ್ತದೆ. ಒಂದೇ ಫುಟೇಜ್, ಅದೇ ಏಳು ಮಾತು, ಮೂರು ಬೇರೆ ಕಥೆ. ಮೂರನ್ನೂ ಮಾಡಿ ನೋಡಿ. ಎಡಿಟರ್ ಕಥೆ ಬರೆಯುತ್ತಾನೆ ಅನ್ನುವುದು ಉತ್ಪ್ರೇಕ್ಷೆ ಅಲ್ಲ ಅಂತ ಆಗ ಗೊತ್ತಾಗುತ್ತದೆ.

ಕ್ಲೋಸಪ್‌ಗಳನ್ನು ಬೇಗ ಖರ್ಚು ಮಾಡಬೇಡಿ. ಎರಡನೇ ಸಾಲಿಗೇ ಕ್ಲೋಸಪ್‌ಗೆ ಹೋದರೆ "ಇಲ್ಲ" ಅನ್ನುವಾಗ ಹೋಗಲು ಇನ್ನು ಜಾಗವೇ ಇರುವುದಿಲ್ಲ. ಭುಜದ ಮೇಲಿನ ಶಾಟ್‌ಗಳಲ್ಲಿ ನಡೆಸಿ, ತಿರುವಿನಲ್ಲಿ ಕ್ಲೋಸಪ್ ಕೊಡಿ. ಕೊನೆಗೆ ಮತ್ತೆ ದೂರದ ಶಾಟ್‌ಗೆ ಬಂದರೆ ಅದೇ ರೂಮ್, ಅದೇ ದೂರ ಈಗ ಬೇರೆಯಾಗಿ ಕಾಣುತ್ತದೆ.

ಹಂತ 7: ಮಾತು ಒಂದು ಕಡೆ, ಚಿತ್ರ ಒಂದು ಕಡೆ

ಮೇಲೆ ಹೇಳಿದ್ದನ್ನು ಟೈಮ್‌ಲೈನ್‌ನಲ್ಲಿ ಮಾಡುವುದು ಜೆ ಕಟ್ ಮತ್ತು ಎಲ್ ಕಟ್‌ನಿಂದ. ಮುಂದಿನ ಶಾಟ್‌ನ ಶಬ್ದ ಮೊದಲು ಬಂದು ಚಿತ್ರ ಆಮೇಲೆ ಬಂದರೆ ಜೆ ಕಟ್. ಚಿತ್ರ ಬದಲಾದ ಮೇಲೂ ಹಿಂದಿನ ಶಬ್ದ ಮುಂದುವರಿದರೆ ಎಲ್ ಕಟ್. ಟೈಮ್‌ಲೈನ್‌ನಲ್ಲಿ ಕ್ಲಿಪ್‌ಗಳು ಕಾಣುವ ಆಕಾರದಿಂದ ಈ ಹೆಸರು ಬಂದಿದೆ.

ಮೊದಲು ಎಲ್ಲವನ್ನೂ ನೇರವಾಗಿ ಕಟ್ ಮಾಡಿ. ಆಮೇಲೆ ರೋಲ್ ಟೂಲ್ ಹಿಡಿದು, ಆಡಿಯೊ ಮುಟ್ಟದೆ ಚಿತ್ರದ ಕಟ್ಟನ್ನು ಮಾತ್ರ ಹಿಂದೆ ಮುಂದೆ ಜರುಗಿಸಿ. ದೃಶ್ಯದ ಉದ್ದ ಬದಲಾಗುವುದಿಲ್ಲ, ಸಿಂಕ್ ಕೆಡುವುದಿಲ್ಲ. ರಿಪಲ್ ಟೂಲ್ ಹಾಗಲ್ಲ, ಅದು ಮುಂದಿನದ್ದನ್ನೆಲ್ಲ ಎಳೆಯುತ್ತದೆ. ವಿರಾಮ ಹಿಗ್ಗಿಸಲು ಕುಗ್ಗಿಸಲು ಅದು ಬೇಕು. ಸ್ಲಿಪ್ ಟೂಲ್‌ನಿಂದ ಶಾಟ್ ಇರುವ ಜಾಗದಲ್ಲೇ ಇದ್ದು ಒಳಗಿನ ಭಾಗ ಜರುಗುತ್ತದೆ, ಮಾತಿಲ್ಲದ ರಿಯಾಕ್ಷನ್ ಹೊಂದಿಸಲು ಇದರಷ್ಟು ಚೆನ್ನಾದದ್ದಿಲ್ಲ. ಸದ್ಯಕ್ಕೆ ಈ ಮೂರು ಸಾಕು.

ಎಲ್ಲ ಕಟ್ಟನ್ನೂ ಹೀಗೆ ಜಾರಿಸಬೇಕು ಅಂತಿಲ್ಲ. ಜೆ ಕಟ್ ಕಲಿತ ಹುಮ್ಮಸ್ಸಿನಲ್ಲಿ ಎಲ್ಲ ಕಡೆ ಅದನ್ನೇ ಹಾಕಿದರೆ ದೃಶ್ಯ ನುಣ್ಣಗೆ ಜಾರಿಹೋಗುತ್ತದೆ, ಎಲ್ಲೂ ಏಟು ಬೀಳುವುದಿಲ್ಲ. "ಇಲ್ಲ" ಅನ್ನುವ ಮಾತಿಗೆ ನೇರ ಕಟ್ ಇರಲಿ. ಶಬ್ದ, ಚಿತ್ರ ಎರಡೂ ಒಟ್ಟಿಗೆ ಬಂದರೆ ಅದು ತಾಗುತ್ತದೆ.

ಹಂತ 8: ಯಾವ ಫ್ರೇಮ್‌ನಲ್ಲಿ?

ಮಾತು ಮುಗಿದಾಗ ಅಲ್ಲ, ಯೋಚನೆ ಮುಗಿದಾಗ. ಕೇಳುತ್ತಿರುವವರಿಗೆ ಸಾಮಾನ್ಯವಾಗಿ ವಾಕ್ಯದ ನಡುವೆಯೇ ಅರ್ಥವಾಗಿರುತ್ತದೆ. "ಅಪ್ಪನ" ಅನ್ನುವಷ್ಟರಲ್ಲೇ ತಮ್ಮನಿಗೆ ಗೊತ್ತಾಯಿತು, "ರೂಮಿಂದು" ಅನ್ನುವವರೆಗೆ ಅವನು ಕಾಯುವುದಿಲ್ಲ. ಹಾಗಾಗಿ ಅವನ ಮುಖಕ್ಕೆ ಹೋಗುವ ಕಟ್ ಆ ಮಾತಿಗೆ ಸ್ವಲ್ಪ ಮುಂಚೆಯೇ ಬರಬೇಕು.

ಎಡಿಟರ್ ವಾಲ್ಟರ್ ಮರ್ಚ್ ಅವರ ಒಂದು ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶಾಟ್ ಓಡಿಸಿ, ಕಟ್ ಬೇಕು ಅನ್ನಿಸಿದ ಕ್ಷಣ ಕೀ ಒತ್ತಿ. ಫ್ರೇಮ್ ನಂಬರ್ ಬರೆದಿಟ್ಟು, ಮತ್ತೆ ಮೊದಲಿಂದ ಓಡಿಸಿ ಒತ್ತಿ. ಎರಡೂ ಸಲ ಅದೇ ಫ್ರೇಮ್‌ಗೆ ಬಿದ್ದರೆ ಆ ಶಾಟ್ ನಿಮಗೆ ಒಳಗೆ ಇಳಿದಿದೆ. ಹತ್ತಾರು ಫ್ರೇಮ್ ವ್ಯತ್ಯಾಸ ಬಂದರೆ ನೀವಿನ್ನೂ ಶಾಟ್‌ನಲ್ಲಿ ಏನಾಗುತ್ತಿದೆ ಅಂತ ಹಿಡಿದಿಲ್ಲ. ಜನ ಒಂದು ಯೋಚನೆ ಮುಗಿಸಿದಾಗ ಕಣ್ಣು ಮಿಟುಕಿಸುತ್ತಾರೆ ಅನ್ನುವುದನ್ನೂ ಅವರು ಗಮನಿಸಿದ್ದರು. ಕಟ್ ಮಾಡುವ ಜಾಗ ಹುಡುಕುವಾಗ ಕಣ್ಣುಗಳನ್ನೇ ನೋಡಿ.

ವಿರಾಮಗಳ ಜೊತೆ ಆಟವಾಡಿ. "ಇಲ್ಲ" ಮತ್ತು "ಹಾಗಾದ್ರೆ ನಂಗೆ ಗೊತ್ತಿಲ್ಲ" ನಡುವೆ 8 ಫ್ರೇಮ್ ಇಟ್ಟರೆ ತಮ್ಮ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದಾನೆ. 45 ಫ್ರೇಮ್ ಇಟ್ಟರೆ ಸಿಕ್ಕಿಬಿದ್ದಿದ್ದಾನೆ. ವಿರಾಮ ಹಿಗ್ಗಿಸಬೇಕಾದರೆ ಅಕ್ಕನ ಕ್ಲೋಸಪ್‌ನಲ್ಲಿ ಎಲ್ಲಾದರೂ ಸುಮ್ಮನೆ ನೋಡುವ ಭಾಗ ತಂದು ನಡುವೆ ಇಡಿ. ಕುಗ್ಗಿಸಬೇಕಾದರೆ ಒಬ್ಬರಿಂದ ಇನ್ನೊಬ್ಬರಿಗೆ ಕಟ್ ಮಾಡಿದರಾಯಿತು, ನಡುವಿನ ಸೆಕೆಂಡುಗಳು ಮಾಯ. ಕ್ಯಾಮೆರಾ ಅಲುಗದ, ಇಬ್ಬರೂ ಕಾಣುವ ಟು ಶಾಟ್ ಆದರೆ ಇನ್ನೂ ಒಂದು ಚಮತ್ಕಾರ ಇದೆ. ಫ್ರೇಮನ್ನು ನಡುವೆ ಸೀಳಿ ಎಡಕ್ಕೆ ಒಂದು ಟೇಕ್, ಬಲಕ್ಕೆ ಇನ್ನೊಂದು ಟೇಕ್ ಇಡಬಹುದು. ಇಬ್ಬರೂ ಒಬ್ಬರನ್ನೊಬ್ಬರು ದಾಟದಿದ್ದರೆ ಗೆರೆ ಕಾಣುವುದಿಲ್ಲ.

ಕಂಟಿನ್ಯುಟಿ ಬಗ್ಗೆ ಎರಡು ಮಾತು

ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನದರಲ್ಲೂ ಹಾಗೇ ಇರುವುದು ಕಂಟಿನ್ಯುಟಿ. ಕಲಿಯುವವರು ಜಾಸ್ತಿ ಹೆದರುವುದು ಇದಕ್ಕೇ. ಒಂದು ಶಾಟ್‌ನಲ್ಲಿ ಕೈ ಮೇಜಿನ ಮೇಲೆ, ಇನ್ನೊಂದರಲ್ಲಿ ಮಡಿಲಲ್ಲಿ. ಮರ್ಚ್ ಒಳ್ಳೆಯ ಕಟ್‌ಗೆ ಕೊಟ್ಟ ಲೆಕ್ಕ ನೋಡಿ, ನೂರರಲ್ಲಿ: ಭಾವನೆಗೆ 51, ಕಥೆಗೆ 23, ಲಯಕ್ಕೆ 10, ನೋಡುಗರ ಕಣ್ಣು ಎಲ್ಲಿದೆ ಅನ್ನುವುದಕ್ಕೆ 7, ಪರದೆಯ ಮೇಲಿನ ದಿಕ್ಕಿಗೆ 5, ಜಾಗದಲ್ಲಿ ಯಾವುದು ಎಲ್ಲಿತ್ತು ಅನ್ನುವುದಕ್ಕೆ 4. ಕೈ ಎಲ್ಲಿತ್ತು ಅನ್ನುವುದು ಬರುವುದು ಕೊನೆಯಲ್ಲಿ. ಕಣ್ಣಲ್ಲಿ ನಿಜ ಇರುವ ಟೇಕನ್ನು ಕೈ ಹೊಂದಲಿಲ್ಲ ಅಂತ ಬಿಡಬೇಡಿ. ನೋಡುಗರು ಕಣ್ಣು ನೋಡುತ್ತಿರುತ್ತಾರೆ, ಕೈ ಅಲ್ಲ. ತೀರಾ ಎದ್ದು ಕಂಡರೆ ಯಾರಾದರೂ ತಲೆ ತಿರುಗಿಸುವಾಗ, ಕೂರುವಾಗ, ಏಳುವಾಗ ಕಟ್ ಮಾಡಿ. ಚಲನೆ ಅದನ್ನು ಮರೆಸುತ್ತದೆ.

ಆದರೆ ನೋಟದ ದಿಕ್ಕು ತಪ್ಪಿದ್ದರೆ, ಅಂದರೆ ಇಬ್ಬರೂ ಒಂದೇ ಕಡೆ ನೋಡುತ್ತಿರುವ ಹಾಗೆ ಕಂಡರೆ ಅದು ನಿಜವಾದ ತೊಂದರೆ. ಶೂಟ್ ಮಾಡುವಾಗ ಕ್ಯಾಮೆರಾ 180 ಡಿಗ್ರಿಯ ಗೆರೆ, ಅಂದರೆ ಇಬ್ಬರ ನಡುವೆ ಊಹಿಸಿಕೊಳ್ಳುವ ಗೆರೆ, ದಾಟಿದೆ. ಆಗ ನಡುವೆ ಮಾಸ್ಟರ್ ಶಾಟ್‌ಗೆ ಅಥವಾ ಇನ್ಸರ್ಟ್‌ಗೆ ಹೋಗಿ ಬನ್ನಿ.

ಹಂತ 9: ಶಬ್ದ ಒಪ್ಪ ಮಾಡಿ

ಅಕ್ಕನಿಗೆ ಒಂದು ಟ್ರ್ಯಾಕ್, ತಮ್ಮನಿಗೆ ಒಂದು ಟ್ರ್ಯಾಕ್. ಪ್ರತಿ ಆಡಿಯೊ ಕಟ್‌ಗೂ ಎರಡು ಫ್ರೇಮ್‌ನ ಕ್ರಾಸ್‌ಫೇಡ್ (ಒಂದು ಶಬ್ದ ಕರಗುತ್ತಾ ಇನ್ನೊಂದು ಏರುವುದು) ಹಾಕಿ, ಇಲ್ಲದಿದ್ದರೆ ಟಿಕ್ ಅನ್ನುವ ಸದ್ದು ಬರುತ್ತದೆ. ಮಾತಿನ ಮಟ್ಟ ಹೆಚ್ಚುಕಡಿಮೆ ಮೈನಸ್ 12 ಡೆಸಿಬಲ್ ಸುತ್ತ ಇರಲಿ, ಸೊನ್ನೆಯನ್ನು ಎಂದೂ ಮುಟ್ಟಬಾರದು.

ಪ್ರತಿ ಶಾಟ್‌ನ ಹಿನ್ನೆಲೆ ಸದ್ದು ಬೇರೆಯಾಗಿರುತ್ತದೆ. ಒಂದರಲ್ಲಿ ಫ್ಯಾನ್, ಇನ್ನೊಂದರಲ್ಲಿ ಇಲ್ಲ. ಕಟ್ ಆದಾಗೆಲ್ಲ ರೂಮೇ ಬದಲಾದ ಹಾಗೆ ಕೇಳಿಸುತ್ತದೆ. ಶೂಟಿಂಗ್‌ನಲ್ಲಿ ಎಲ್ಲರೂ ಸುಮ್ಮನಿದ್ದು ಅರ್ಧದಿಂದ ಒಂದು ನಿಮಿಷ ರೂಮ್ ಟೋನ್ ಹಿಡಿದಿದ್ದರೆ ಅದನ್ನು ಇಡೀ ದೃಶ್ಯದ ಕೆಳಗೆ ಹಾಸಿ. ಹಿಡಿದಿಲ್ಲದಿದ್ದರೆ "ಆಕ್ಷನ್" ಮುಂಚಿನ ಮೌನದ ತುಂಡುಗಳನ್ನು ಕೂಡಿಸಿ ಮಾಡಿಕೊಳ್ಳಬೇಕು. ಹಿಗ್ಗಿಸಿದ ವಿರಾಮಗಳ ಕೆಳಗೆ ಇದು ಇರಲೇಬೇಕು. ಪೂರ್ತಿ ನಿಶ್ಶಬ್ದ ಮೌನದ ಹಾಗಲ್ಲ, ಸ್ಪೀಕರ್ ಕೆಟ್ಟ ಹಾಗೆ ಕೇಳಿಸುತ್ತದೆ.

ಹಿನ್ನೆಲೆ ಸಂಗೀತ ಈಗ ಬೇಡ. ಸಂಗೀತ ಇಲ್ಲದೆ ನಿಲ್ಲದ ದೃಶ್ಯ ಸಂಗೀತ ಹಾಕಿದರೂ ನಿಲ್ಲುವುದಿಲ್ಲ, ನಿಂತ ಹಾಗೆ ಕಾಣುತ್ತದೆ ಅಷ್ಟೇ.

ಹಂತ 10: ನೋಡಿ, ತೋರಿಸಿ, ಕೊಡಿ

ಒಂದು ದಿನ ಬಿಟ್ಟು ಬನ್ನಿ. ಒಮ್ಮೆ ಶಬ್ದ ಪೂರ್ತಿ ಆಫ್ ಮಾಡಿ ನೋಡಿ, ಯಾರಿಗೆ ಏನಾಯಿತು ಅಂತ ಮುಖಗಳಿಂದಲೇ ತಿಳಿಯಬೇಕು. ಒಮ್ಮೆ ಚಿತ್ರ ನೋಡದೆ ಕೇಳಿ. ಮಧ್ಯೆ ನಿಲ್ಲಿಸಬೇಡಿ, ಸರಿ ಮಾಡಲು ಹೋಗಬೇಡಿ.

ಸ್ಕ್ರಿಪ್ಟ್ ಓದಿರದ ಒಬ್ಬರಿಗೆ ತೋರಿಸಿ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ, ಅದರಿಂದ ಏನೂ ಪ್ರಯೋಜನ ಇಲ್ಲ. "ಅಕ್ಕನಿಗೆ ಯಾವಾಗ ಗೊತ್ತಾಯಿತು?" ಅಂತ ಕೇಳಿ. "ಎಲ್ಲಿ ಲ್ಯಾಗ್ ಅನ್ನಿಸಿತು?" ಅಂತ ಕೇಳಿ. ಅವರು ಹೇಳುವ ಪರಿಹಾರವನ್ನು ಒಪ್ಪಬೇಕಾಗಿಲ್ಲ, ತೊಂದರೆ ಇದೆ ಅಂದರೆ ನಂಬಿ. ಎಷ್ಟೋ ಸಲ ಅವರು ತೋರಿಸಿದ ಜಾಗಕ್ಕಿಂತ ಎರಡು ಮೂರು ಕಟ್ ಹಿಂದೆ ತಪ್ಪು ಇರುತ್ತದೆ. ಅವರು ನೋಡುವಾಗ ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಎಲ್ಲಿ ಫೋನ್ ಕಡೆ ಕೈ ಹೋಯಿತು, ಅಲ್ಲಿ ಕತ್ತರಿ ಬೇಕು.

ಪ್ರತಿ ದೊಡ್ಡ ಬದಲಾವಣೆಗೂ ಟೈಮ್‌ಲೈನ್‌ನ ಹೊಸ ಪ್ರತಿ ಮಾಡಿ, ತಾರೀಖು ಹಾಕಿ ಇಡಿ. ಹಳೆಯದೇ ಚೆನ್ನಾಗಿತ್ತು ಅನ್ನಿಸುವ ದಿನ ಖಂಡಿತ ಬರುತ್ತದೆ. ಇನ್ನು ಚಿತ್ರ ಮುಟ್ಟುವುದಿಲ್ಲ ಅಂತ ಲಾಕ್ ಮಾಡಿದ ಮೇಲೆ ಸೌಂಡ್ ಮಾಡುವವರಿಗೆ ಎಎಎಫ್ ಫೈಲ್ ಕೊಡಿ, ಅಂದರೆ ನಿಮ್ಮ ಟೈಮ್‌ಲೈನನ್ನು ಅವರ ಸಾಫ್ಟ್‌ವೇರ್‌ನಲ್ಲಿ ತೆರೆಯಲು ಬರುವ ಫೈಲ್. ಪ್ರತಿ ಆಡಿಯೊ ತುಂಡಿನ ಎರಡೂ ತುದಿಗೆ ಕೆಲವು ಸೆಕೆಂಡಿನ ಹೆಚ್ಚುವರಿ ಭಾಗ ಇರಲಿ. ಜೊತೆಗೆ ಟೈಮ್‌ಕೋಡ್ (ಪ್ರತಿ ಫ್ರೇಮ್‌ನ ಸಮಯದ ಗುರುತು) ಅಚ್ಚಾಗಿರುವ ಒಂದು ವಿಡಿಯೊ ಕಳಿಸಿ, ಅದರ ಶುರುವಿಗೆ ಎರಡು ಸೆಕೆಂಡ್ ಮುಂಚೆ ಒಂದು ಫ್ರೇಮ್‌ನ ಬೀಪ್ ಹಾಕಿ. ಅವರ ಕಡೆ ಸಿಂಕ್ ಸರಿಯಾಗಿ ಕೂತಿದೆಯಾ ಅಂತ ಅದರಿಂದಲೇ ನೋಡಿಕೊಳ್ಳುತ್ತಾರೆ.